ಎಡಮೂಲೆ ಸಿಕ್ಕಿಸಿದ ಬಟ್ಟೆ

ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ದಿಂಬಿನ ಚೀಲ ಮಡಚುತ್ತಲೇ ಅವಳು ಗಳಿಗೆಗೊಮ್ಮೆ ಫೋನ್ ನೋಡುವುದನ್ನು ಕಂಡರೆ ಇಸ್ತ್ರಿಯಣ್ಣನಿಗೆ ನಗು. “ಏನಮ್ಮಾ, ಅದರೊಳಗೆ ಹಾಲು ಕಾಯಕ್ಕಿಟ್ಟಿದ್ದೀಯಾ? ಎಲ್ಲಿ ಉಕ್ಕಿಬಿಡುತ್ತೋ ಅನ್ನೋ ಹಾಗೆ ನೋಡ್ತಿರ್ತೀಯ.”

ಹಾಲಲ್ಲ, ಅದರೊಳಗೆ ಅರವತ್ತು ಜನರಿದ್ದರು. ಎಲ್ಲರೂ ಒಂದೇ ಪ್ರಾರ್ಥನಾ ಸಭೆಯನ್ನು ಬಿಟ್ಟು ಬಂದವರು. ಆ ಗುಂಪಿನಲ್ಲಿ ಹೆಸರು ಹೇಳುವಂತಿಲ್ಲ, ಮುಖ ತೋರಿಸುವಂತಿಲ್ಲ, ಯಾವ ಶಾಖೆಯವರೆಂದಂತೂ ಬಾಯಿಬಿಡುವಂತಿಲ್ಲ. ಈ ಕಟ್ಟುಪಾಡು ಹಾಕಿದವಳು ಅವಳೇ. ಅದಕ್ಕೇ ಅಲ್ಲಿ ಅವಳು ಕಾವಲಕ್ಕ. ಹೋದ ವರ್ಷ ಸಭೆಯವನೊಬ್ಬ ಬಿಟ್ಟು ಬಂದವನಂತೆ ನಟಿಸಿ ಒಳಗೆ ನುಸುಳಿದ ಮೇಲೆ ಅವಳ ಕಣ್ಣು ಇನ್ನೂ ಚುರುಕಾಗಿತ್ತು.

ಅಂದು ಗುಬ್ಬಿ ಎಂಬ ಅಡ್ಡಹೆಸರಿನವಳು ಚಿತ್ರ ಹಾಕಿದ್ದಳು: ತಾನೇ ಹೆಣೆದ ಮೊದಲ ಟೋಪಿ, ಸಭೆಯಲ್ಲಿ ಮುಟ್ಟಲೂ ಬಿಡದ ಕೆಂಪು ಬಣ್ಣದ್ದು. ಆದರೆ ಟೋಪಿಯ ಕೆಳಗೊಂದು ಬಿಳಿ ಬಟ್ಟೆ. ಮೂರು ಮಡಿಕೆ, ಎಡಮೂಲೆ ಒಳಕ್ಕೆ ಸಿಕ್ಕಿಸಿದ್ದು.

ಕಾವಲಕ್ಕ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಪ್ರಾರ್ಥನೆಯ ಬಟ್ಟೆಯಲ್ಲಿ ಮಿಕ್ಕೆಲ್ಲ ಶಾಖೆಯವರೂ ಸಿಕ್ಕಿಸುವುದು ಬಲಮೂಲೆ. ಎಡಮೂಲೆ ಸಿಕ್ಕಿಸುವುದು ನಲವತ್ತು ಮನೆಗಳ ಒಂದೇ ಒಂದು ಶಾಖೆ. ಗುಬ್ಬಿ ಸಭೆ ಬಿಟ್ಟಿದ್ದಳು, ಅವಳ ಕೈ ಮಾತ್ರ ಆ ಮಡಿಕೆಯನ್ನು ಬಿಟ್ಟಿರಲಿಲ್ಲ. ಅಮ್ಮ ಇನ್ನೂ ಸಭೆಯೊಳಗೇ ಇದ್ದಾರೆಂದು ಅವಳೇ ಒಮ್ಮೆ ಹೇಳಿಕೊಂಡಿದ್ದಳು. ಮಗಳು ಇಂಥ ಗುಂಪಿನಲ್ಲಿರುವುದು ಹಿರಿಯರ ಕಿವಿಗೆ ಬಿದ್ದರೆ ತಿಂಗಳಿಗೊಮ್ಮೆ ಅಮ್ಮನನ್ನು ನೋಡುವುದಕ್ಕೂ ಕಲ್ಲು ಬೀಳುತ್ತಿತ್ತು.

ಚಿತ್ರವನ್ನು ಕೂಡಲೇ ಅಳಿಸಿದಳು. ನೋಡಿದ್ದವರು ಇಬ್ಬರೇ, ಇಬ್ಬರೂ ನಂಬಿಕಸ್ಥ ಹಳಬರು. ಆದರೆ ಗುಬ್ಬಿಗೆ ಏನು ಹೇಳುವುದು? ಕಾರಣ ಹೇಳಿದರೆ ತಾನೂ ಆ ನಲವತ್ತು ಮನೆಯವಳೆಂದು ಒಪ್ಪಿಕೊಂಡಂತೆ. ಹೇಳದಿದ್ದರೆ ನಾಳೆ ಅದೇ ಬಟ್ಟೆ ಮತ್ತೆ ಬರುತ್ತದೆ. ಮೂರು ಸಲ ಬರೆದು ಅಳಿಸಿ, ಕೊನೆಗೆ ಅವಳೊಬ್ಬಳಿಗೇ ಕಳಿಸಿದಳು: “ಟೋಪಿ ತುಂಬಾ ಚೆನ್ನಾಗಿದೆ. ಕೆಳಗಿರೋ ಬಟ್ಟೆ ಮುದ್ದೆ ಮಾಡಿ ಇನ್ನೊಂದು ಸಲ ತೆಗೀರಿ.”

ಬಹಳ ಹೊತ್ತಿಗೆ ಉತ್ತರ ಬಂತು. “ಅಯ್ಯೋ ಅಕ್ಕಾ, ಈ ಕೈಗೆ ಯಾವಾಗ ಬುದ್ಧಿ ಬರುತ್ತೋ. ಆದ್ರೆ ಆ ಮೂಲೆ ನಮ್ಮೋರಿಗೆ ಬಿಟ್ರೆ ಬೇರೆ ಯಾರಿಗೂ ಗೊತ್ತಾಗಲ್ವಲ್ಲ.”

ಕಾವಲಕ್ಕನ ಗುಟ್ಟೂ ಹೊರಬಿದ್ದಿತ್ತು. ಅಷ್ಟರಲ್ಲಿ ಇನ್ನೊಂದು ಸಾಲು. “ನಾನೇನೂ ಕೇಳಿಲ್ಲ, ನೀವೇನೂ ಹೇಳಿಲ್ಲ. ಶನಿವಾರ ಅಮ್ಮನ್ನ ನೋಡಕ್ಕೆ ಹೋಗ್ತೀನಿ.”

ಸ್ವಲ್ಪ ಹೊತ್ತಿಗೆ ಟೋಪಿ ಮತ್ತೆ ಗುಂಪಿಗೆ ಬಂತು, ದನ ಮೆದ್ದು ಉಗುಳಿದಂತಿದ್ದ ಬಟ್ಟೆಯ ಮೇಲೆ.

“ಹಾಲು ಉಕ್ಕಲಿಲ್ವಾ?” ಎಂದ ಇಸ್ತ್ರಿಯಣ್ಣ.

“ಇಲ್ಲಣ್ಣ, ಇಳಿಸಿಬಿಟ್ಟೆ,” ಎಂದು ನಕ್ಕು, ಮಡಚಿಟ್ಟ ದಿಂಬಿನ ಚೀಲಗಳತ್ತ ತಿರುಗಿದಳು. ಎಲ್ಲದರಲ್ಲೂ ಎಡಮೂಲೆ ಒಳಗೆ ಸೇರಿತ್ತು. ಒಂದನ್ನು ಬಿಚ್ಚಹೋದವಳು ಹಾಗೇ ಬಿಟ್ಟಳು. ಇಲ್ಲಿ ಚಿತ್ರ ತೆಗೆಯುವವರು ಯಾರೂ ಇರಲಿಲ್ಲ.