ಮೂರು ಬೆರಳಿನ ಐದು

ಧರಣೇಂದ್ರ ಮಾಸ್ತರರ ಎಡಗೈ ಮೇಲೆದ್ದಿತೆಂದರೆ ಅದರಲ್ಲಿ ಮೂರೇ ಬೆರಳು. ಉಳಿದೆರಡು ಅವರ ಎಳೆಯ ವಯಸ್ಸಿನಲ್ಲೇ ಕಬ್ಬಿನ ಗಾಣದ ಪಾಲಾಗಿದ್ದವು. ಆದರೆ ನಮ್ಮೂರಿನಲ್ಲಿ ಆ ಕೈಯನ್ನು ಯಾರೂ ಮೂರೆಂದು ಓದುತ್ತಿರಲಿಲ್ಲ; ಅದು ಐದು. ಹಣ್ಣಿನ ಬಂಡಿಯ ಮುಂದೆ ನಿಂತು ಎಡಗೈ ತೋರಿಸಿದರೆ ಐದು ಬಾಳೆಹಣ್ಣು ಬರುತ್ತಿದ್ದವು. ಮೂರೇ ಬೇಕಿದ್ದರೆ ಬಲಗೈಯ ಮೂರು ಬೆರಳು ಎತ್ತುತ್ತಿದ್ದರು.

ಅವರು ನಮಗೆ ಡ್ರಿಲ್ ಮಾಸ್ತರರು. ವಾಲಿಬಾಲ್ ಪಂದ್ಯಗಳಿಗೆ ಎರಡನೆಯ ಅಂಪೈರ್. ದೊಡ್ಡ ಅಂಪೈರ್ ಬಲೆಯ ಒಂದು ತುದಿಯಲ್ಲಿ ಏಣಿಯಂಥ ಕಟ್ಟೆಯ ಮೇಲೆ; ಇವರು ಎದುರು ತುದಿಯಲ್ಲಿ, ನೆಲದ ಮೇಲೆ. ತಪ್ಪು ಮಾಡಿದವರ ನಂಬರನ್ನು ಬೆರಳಿನಲ್ಲಿ ಎಣಿಸಿ ತೋರಿಸುವುದು ಇವರ ಕೆಲಸ. ಜನರ ಗದ್ದಲದಲ್ಲಿ ಬಾಯಿಮಾತು ಎಲ್ಲಿ ಕೇಳಬೇಕು? ಎಂಟೆಂದರೆ ಇಡೀ ಎಡಗೈ, ಬಲಗೈಯ ಮೂರು ಬೆರಳು. ಹತ್ತೆಂದರೆ ಎರಡೂ ಕೈ ಅಗಲವಾಗಿ. ಅದು ನನ್ನ ನಂಬರು.

ಆ ವರ್ಷ ಕೊನೆಯ ಪಂದ್ಯ ಹೊಳೆಯಾಚೆಯ ಊರಿನ ಹುಡುಗಿಯರೊಂದಿಗೆ ಬಿತ್ತು. ದೊಡ್ಡ ಅಂಪೈರರನ್ನು ದೂರದೂರಿನಿಂದ ಕರೆಸಿದ್ದರು. ಬಿಳಿ ಪ್ಯಾಂಟು, ಇಸ್ತ್ರಿ ಮಾಡಿದ ಮುಖ.

ಆಚೆಯ ತಂಡದಲ್ಲಿ ಚಂಪಾ ಎಂಬ ಉದ್ದನೆಯ ಹುಡುಗಿಯೊಬ್ಬಳಿದ್ದಳು. ನಾನು ಹೊಡೆದ ಚೆಂಡನ್ನೆಲ್ಲ ಮರಳಿ ನನ್ನ ಕಾಲಬುಡಕ್ಕೇ ಕೆಡವುತ್ತಿದ್ದಳು. ಹದಿನೈದಕ್ಕೆ ಮುಗಿಯುವ ಕೊನೆಯ ಸೆಟ್ಟಿನಲ್ಲಿ ಅವರು ಹದಿಮೂರು, ನಾವು ಹನ್ನೊಂದು. ನನಗೆ ತಡೆಯಲಾಗಲಿಲ್ಲ.

“ನಿಮ್ಮವ್ವ ನಿನ್ನ ಹಡದಾಳೋ, ಗಳಕ್ಕ ಕಟ್ಟಿ ಜಗ್ಗ್ಯಾಳೋ?” ಎಂದವಳೇ ಒಂದು ಹಿಡಿ ಮಣ್ಣು ತೆಗೆದು ಅವಳ ಮುಖದತ್ತ ಎಸೆದೆ.

ದೊಡ್ಡ ಅಂಪೈರ್ ಆಗ ಅಂಕ ಬರೆಯುವವರತ್ತ ತಿರುಗಿದ್ದರು. ಕಂಡವರು ಮಾಸ್ತರರು. ತಮ್ಮ ಶಾಲೆಯ ಹುಡುಗಿ ಎಂಬುದನ್ನೂ ನೋಡದೆ ಸೀಟಿ ಊದಿ ಎರಡೂ ಕೈ ಅಗಲಿಸಿ ಎತ್ತಿದರು. ದೊಡ್ಡ ಅಂಪೈರ್ ಬೆರಳುಗಳನ್ನು ಎಣಿಸಿದರು. ಎಂಟು. ನನ್ನ ಪಕ್ಕದಲ್ಲಿ ನಿಂತಿದ್ದ ಎಂಟನೇ ನಂಬರಿನ ಕಸ್ತೂರಿಗೆ ಹೊರಗೆ ನಡೆಯೆಂದು ಕೈಮಾಡಿದರು.

ಮಾಸ್ತರರು ತಲೆ ಅಲ್ಲಾಡಿಸಿದರು, ಎರಡು ಹೆಜ್ಜೆ ಮುಂದೆ ಬಂದು ಕೂಗಿದರು, ಗದ್ದಲದಲ್ಲಿ ಅದು ಕೇಳದಿರಲು ಮತ್ತೆ ಕೈ ಎತ್ತಿದರು. ಎಷ್ಟು ಸಲ ಎತ್ತಿದರೂ ಎಂಟೇ ಬೆರಳು! ತಮ್ಮೂರಿನ ಹುಡುಗಿಯ ಪರವಾಗಿ ಬೇಡಿಕೊಳ್ಳುತ್ತಿದ್ದಾರೆಂದು ತಿಳಿದ ದೊಡ್ಡ ಅಂಪೈರ್, ಜಾಗಕ್ಕೆ ಹೋಗಿ ಎಂದು ಗದರಿಸಿಬಿಟ್ಟರು. ಸುತ್ತ ನೆರೆದ ನಮ್ಮೂರಿನವರೋ! ಆ ಕೈಯನ್ನು ಇಪ್ಪತ್ತು ವರ್ಷ ಓದಿದವರು ಆ ಗಳಿಗೆಯಲ್ಲಿ ಅಕ್ಷರ ಮರೆತವರಂತೆ ನಿಂತಿದ್ದರು. ನಾನಿಲ್ಲದೆ ಗೆಲುವಿಲ್ಲವೆಂದು ಅವರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ಕಸ್ತೂರಿ ತಲೆ ತಗ್ಗಿಸಿ ನಡೆದಳು. ಇರುವೆಗೂ ದಾರಿ ಬಿಡುವಂಥ ಹುಡುಗಿ ಅವಳು. ಮಾಸ್ತರರು ಕೈ ಇಳಿಸಿ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು. ಗಾಣದ ಕತೆಯನ್ನು ನಗುತ್ತಲೇ ಹೇಳುತ್ತಿದ್ದ ಆ ಮನುಷ್ಯ ತನ್ನ ಕೈಗೆ ನಾಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನನ್ನ ಕಾಲುಗಳು ತಾವಾಗಿಯೇ ನಡೆದವು. ದೊಡ್ಡ ಅಂಪೈರರ ಕಟ್ಟೆಯ ಕೆಳಗೆ ನಿಂತು, ನನ್ನ ಎರಡೂ ಕೈ ಎತ್ತಿ ಹತ್ತು ಬೆರಳು ಬಿಡಿಸಿ ಹಿಡಿದೆ.

“ಸರ್, ಮಾಸ್ತರ್ ತೋರಿಸಿದ್ದು ಹತ್ರೀ. ಅವರಿಗಿ ಎರಡು ಬೆರಳು ಇಲ್ಲ. ಬೈದಾಕಿ ನಾನು, ಮಣ್ಣು ಒಗದಾಕಿನೂ ನಾನs.”

ಅವರು ಕೆಳಗಿಳಿದು ಬಂದು ಮಾಸ್ತರರ ಕೈಯನ್ನು ಹಿಡಿದು ನೋಡಿದರು. “ತಪ್ಪಾತ್ರೀ ಮಾಸ್ತರ,” ಎಂದರು. ಆಮೇಲೆ ನನ್ನತ್ತ ತಿರುಗಿ, ಹೊರಗಿನ ದಾರಿ ತೋರಿಸಿದರು.

ಗೆರೆಯ ಬಳಿ ಎದುರಾದ ಕಸ್ತೂರಿ ನನ್ನನ್ನು ಅಪ್ಪಿಕೊಳ್ಳುತ್ತಾಳೆಂದುಕೊಂಡಿದ್ದೆ. ಅವಳು ಹಲ್ಲು ಕಚ್ಚಿ, “ಹುಚ್ಚಿ! ಅದು ಹತ್ತು ಅಂತ ನನಗ ಗೊತ್ತಿರ್ಲಿಲ್ಲೇನು? ನೀ ಆಡ್ಲಿ ಅಂತನs ನಾ ಹೊಂಟಿದ್ದೆ. ಈಗ ಸರ್ವಿಸ್ ನಂದು ಬರತೈತಿ!” ಎಂದಳು. ಅವಳ ಸರ್ವಿಸ್ ಹತ್ತರಲ್ಲಿ ಆರು ಸಲ ಬಲೆಗೇ ಬೀಳುತ್ತಿತ್ತು.

ಎದುರಾಳಿಗಳು ಚೆಂಡೊಂದನ್ನು ಹೊರಗೆ ಹೊಡೆದರು. ನಾವು ಹನ್ನೆರಡು, ಸರ್ವಿಸ್ ಕಸ್ತೂರಿಯದು. ಸಿಟ್ಟಿನಲ್ಲಿ ಅವಳು ಬಾರಿಸಿದ ಚೆಂಡನ್ನು ಚಂಪಾಳಿಗೂ ಮುಟ್ಟಲಾಗಲಿಲ್ಲ. ಹದಿಮೂರಕ್ಕೆ ಹದಿಮೂರು! ಜನ ಟವೆಲ್ ಬೀಸಿ ಕುಣಿದರು. ನಾನು ಹೊರಗೆ ಬೆಂಚಿನ ಮೇಲೆ ಹತ್ತಿ ಕೂಗಿ ಕೂಗಿ ದನಿ ಕಳೆದುಕೊಂಡೆ. ಮುಂದಿನ ಎರಡು ಅಂಕ ಅವರಿಗೇ ಹೋದವು. ಸೋತೆವು.

ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಒಂದು ಉದ್ದನೆಯ ನೆರಳು ಬಿತ್ತು. ನಾನು ಏನೋ ಹೇಳಹೊರಟೆ. ಗಂಟಲಲ್ಲಿ ದನಿಯೇ ಇಲ್ಲ.

“ಗಳಕ್ಕ ಕಟ್ಟಿದ್ದಲ್ಲ,” ಎಂದಳು ಚಂಪಾ, ಬಹಳ ಗಂಭೀರವಾಗಿ. “ನಮ್ಮವ್ವ ನನ್ನ ಬಾವಿಗಿ ಹಗ್ಗದಾಗ ಇಳಿಬಿಟ್ಟಿದ್ಲಂತ.”

ಕಸ್ತೂರಿ ಕುಡಿಯುತ್ತಿದ್ದ ನೀರನ್ನು ಮೂಗಿನಿಂದ ಚಿಮ್ಮಿಸಿದಳು. ಮೂವರೂ ನೆಲಕ್ಕೆ ಕುಸಿದು ನಕ್ಕೆವು.

ಅಷ್ಟರಲ್ಲಿ ಜನ ಕರಗಿದ್ದರು. ಮಾಸ್ತರರು ಕಂಬದಿಂದ ಬಲೆ ಬಿಚ್ಚಿ, “ಬರ್ರವಾ, ಇದನ್ನ ಮಡಚ್ರಿ,” ಎಂದು ಕೂಗಿದರು. ಒಂದು ತುದಿ ಚಂಪಾ ಹಿಡಿದಳು, ಇನ್ನೊಂದು ತುದಿ ನಾನು. ಸೀರೆ ಮಡಚುವವರಂತೆ ನಾವಿಬ್ಬರೂ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬಂದೆವು. ಸಂಜೆಯ ಮೇಕೆಗಳು ಮೈದಾನಕ್ಕೆ ಅಡ್ಡಲಾಗಿ, ಸುಣ್ಣದ ಗೆರೆಗಳನ್ನು ತುಳಿದು ಅಳಿಸುತ್ತ ಮನೆಯ ಕಡೆ ಹೊರಟಿದ್ದವು.