ಮೋರಿಗೆ ತುರುಕಿದ ಗೋಣಿಚೀಲ

ರಜಿತಾ ಅಪ್ಪನ ಗದ್ದಕ್ಕೆ ಬಟ್ಟೆ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕುತ್ತಿದ್ದಳು. ಬಾಯಿ ಮುಚ್ಚುತ್ತಲೇ ಇರಲಿಲ್ಲ. ಕೊನೆಗೆ ಒಂದು ಕೈಯಿಂದ ಗದ್ದ ಒತ್ತಿ ಹಿಡಿದು, ಇನ್ನೊಂದು ಕೈಯಿಂದಲೂ ಹಲ್ಲಿನಿಂದಲೂ ಎಳೆದು ಬಿಗಿದಳು.

"ಇನ್ನಾ ಬಿಗೀ ಕಟ್ಟು," ಎಂದ ದೊಡ್ಡಪ್ಪ ಆಶಪ್ಪ. ಬೆಳಗಿನ ಬಸ್ಸಿಗೆ ಧನ್ವಾಡದಿಂದ ಬಂದಿದ್ದ. "ಬಾಯಿ ತಕ್ಕೊಂಡು ಹ್ವಾದ್ರ ಮಣ್ಣು ಹೊಕ್ಕತೈತಿ."

ಅಪ್ಪ ಮಾರೆಪ್ಪ ಹಿಂದಿನ ದಿನ ಎದೆ ಹಿಡಿದುಕೊಂಡು ಸತ್ತಿದ್ದ. ಮಕ್ತಲದ ಆ ಓಣಿಯಲ್ಲಿ ಯಾರ ಪಾಯಖಾನೆ ಕಟ್ಟಿಕೊಂಡರೂ ಬಿದಿರಿನ ಸೀಳು ಹಿಡಿದು ಹೋಗುತ್ತಿದ್ದವನು ಅವನೇ. ಈಗ ಮೈ ತೊಳೆಸಿಕೊಂಡು, ಹಣೆಗೆ ಭಂಡಾರ ಹಚ್ಚಿಸಿಕೊಂಡು, ಗೋಡೆಗೆ ಒರಗಿ ಕೂತಿದ್ದ. ಬದುಕಿದ್ದಾಗ ಒಂದು ದಿನವೂ ಇಷ್ಟು ಚೊಕ್ಕಟವಾಗಿದ್ದವನಲ್ಲ.

ಅವರ ಮಂದಿಯಲ್ಲಿ ಒಂದು ರೂಢಿ. ಹೆಣ ತೊಳೆದ ನೀರು ಅಂಗಳ ಬಿಟ್ಟು ಹರಿದುಹೋಗುವ ತನಕ ಹೆಣ ಎತ್ತುವುದಿಲ್ಲ. ನೀರು ನಿಂತರೆ ಸತ್ತವನೂ ಮನೆಯಲ್ಲೇ ನಿಲ್ಲುತ್ತಾನಂತೆ. ಇವತ್ತು ನೀರು ನಿಂತಿತ್ತು. ಓಣಿಯ ಮೋರಿ ಮಾರೆಪ್ಪನ ಅಂಗಳದಿಂದ ಇಳಿದು, ಪಕ್ಕದ ಕಿರಾಣಿ ಅಂಗಡಿ ವೀರಯ್ಯನ ಬಾಗಿಲ ಮುಂದಿನ ಬಂಡೆಯ ಕೆಳಗೆ ಹಾಯುತ್ತದೆ. ಹೆಣದ ನೀರು ತನ್ನ ಹೊಸ್ತಿಲ ಮುಂದೆ ಹಾಯಬಾರದೆಂದು ವೀರಯ್ಯ ಬೆಳಿಗ್ಗೆಯೇ ಬಂಡೆಯ ಸಂದಿಗೆ ಗೋಣಿಚೀಲ ತುರುಕಿಸಿದ್ದ. ಮೇಲಿನ ಮನೆಗಳ ಬಚ್ಚಲ ನೀರೂ ಸೇರಿ, ಎಲ್ಲ ಕಪ್ಪಗೆ ಉಕ್ಕಿ, ಮಾರೆಪ್ಪ ಕೂತ ಚಾಪೆಯ ಅಂಚು ಮುಟ್ಟಿತ್ತು.

ರಜಿತಾ ಹೋಗಿ ವೀರಯ್ಯನ ಬಾಗಿಲಲ್ಲಿ ನಿಂತಳು.

"ಗದ್ವಾಲದ ಬೀಗರು ಬರಾಕತ್ತ್ಯಾರ, ಮಗಳ ಉಡಿ ತುಂಬಾಕ," ಎಂದ ವೀರಯ್ಯ. ಹೊಸ ಪಂಚೆ ಉಟ್ಟಿದ್ದ. "ಹೆಣದ ನೀರು ದಾಟಿ ಒಳಗ ಬರ್ರಿ ಅನ್ನಲೇನು ಅವ್ರಿಗೆ?"

"ಹೊತ್ತು ಮುಳುಗೋದ್ರಾಗ ಅಪ್ಪಗ ಮಣ್ಣು ಕೊಡಬೇಕ್ರಿ."

"ಸಂಜಿಮುಂದ ತೆಗಸ್ತೀನಿ. ನಿಮ್ಮಪ್ಪಗ ಈಗೇನು ಅವಸರ ಐತಿ?"

ಒಳಗೆ ಪಡಸಾಲೆಯಲ್ಲಿ ಯಾರೋ ನಕ್ಕರು. ರಜಿತಾ ಆ ನಗೆಯನ್ನು ಹಿಂದೆಯೂ ಕೇಳಿದ್ದಳು.

*

ತೆಲಂಗಾಣ ರಾಜ್ಯ ಬಂದ ದಿನ ಅದು. ರಜಿತಾಗೆ ಹನ್ನೊಂದು ವರ್ಷ. ಚೌಕದಲ್ಲಿ ಗುಲಾಲು, ಪಟಾಕಿ, ಕುಣಿತ. ವೀರಯ್ಯನ ಮನೆಯಲ್ಲಿ ನೆಂಟರು ತುಂಬಿ ಪಾಯಖಾನೆ ಕಟ್ಟಿಕೊಂಡಿತ್ತು. ಅಪ್ಪನಿಗೆ ರೊಟ್ಟಿ ಕೊಡಲು ಅವಳು ಹಿತ್ತಲಿಗೆ ಹೋದಾಗ ಅವನು ಗುಂಡಿಯೊಳಗೆ ತೋಳು ಇಳಿಸಿ ಕೂತಿದ್ದ.

ವೀರಯ್ಯ ಲಾಡು ಹಂಚುತ್ತ ಬಂದ. "ನಮ್ಮ ರಾಜ್ಯ ಬಂತೋ ಮಾರೆಪ್ಪ. ಬಾಯಿ ಸೀ ಮಾಡ್ಕೊ."

ಮಾರೆಪ್ಪ ತನ್ನ ಕೈ ನೋಡಿಕೊಂಡ.

"ಕೈ ಹೊಲಸೈತಿ ಬಿಡು. ಬಾಯಿ ತಗಿ."

ಮಾರೆಪ್ಪ ಬಾಯಿ ತೆರೆದ. ವೀರಯ್ಯ ದೂರದಿಂದಲೇ ಎಸೆದ ಮೊದಲ ಲಾಡು ಮೂಗಿಗೆ ಬಡಿದು ಗುಂಡಿಗೆ ಬಿತ್ತು. ಎರಡನೆಯದು ಸರಿಯಾಗಿ ಬಾಯಿಗೇ ಬಿತ್ತು. ನೆಂಟರೆಲ್ಲ ಚಪ್ಪಾಳೆ ತಟ್ಟಿ ನಕ್ಕರು. ಬಾಯಿ ತುಂಬ ಲಾಡು ಇಟ್ಟುಕೊಂಡು ಮಾರೆಪ್ಪನೂ ನಕ್ಕ.

ಮನೆಗೆ ಬರುವಾಗ ಮಗಳು ಅಪ್ಪನನ್ನು ಬಿಟ್ಟು ಮುಂದೆ ನಡೆದಳು. "ಲಾಡು ಕೊಟ್ಟಾರವ್ವ, ಇಸ ಕೊಟ್ಟಿಲ್ಲ," ಎಂದ ಮಾರೆಪ್ಪ. ಆ ಹೊತ್ತು ಅವಳಿಗೆ ವೀರಯ್ಯನಿಗಿಂತ ಅಪ್ಪನ ಮೇಲೇ ಹೆಚ್ಚು ಅಸಹ್ಯ ಹುಟ್ಟಿತು. ಅದು ಎಂಟು ವರ್ಷ ಹೋಗಲೇ ಇಲ್ಲ.

*

ಮಧ್ಯಾಹ್ನ ವೀರಯ್ಯನ ಮನೆಯಲ್ಲಿ ಗದ್ದಲವೆದ್ದಿತು. ಪಾಯಖಾನೆ ಉಕ್ಕಿ ಪಡಸಾಲೆಯ ಜಮಖಾನೆಗೆ ಬಂದಿತ್ತು. ಅವನ ಪಾಯಖಾನೆಯ ಪೈಪು ಗೋಣಿ ತುರುಕಿದ ಬಂಡೆಗಿಂತ ಮೇಲುಗಡೆಯೇ ಮೋರಿಗೆ ಸೇರುತ್ತದೆ. ಆ ಮನೆಯ ಹೊಟ್ಟೆಯೊಳಗಿನ ಸಂಗತಿಯೆಲ್ಲ ಮಾರೆಪ್ಪನಿಗೆ ಗೊತ್ತಿತ್ತು. ಕಟ್ಟಿಸಿದ ಧಣಿಗೆ ಗೊತ್ತಿರಲಿಲ್ಲ. ಇಬ್ಬರು ಹಮಾಲರು ಗೋಣಿ ಎಳೆದರು. ಅರ್ಧ ಹರಿದು ಬಂತು. ಉಳಿದರ್ಧ ಉಬ್ಬಿ ಒಳಗೇ ಕೂತಿತು. ಕೈ ಹಾಕಿ ತೆಗೆಯಲು ಅವರು ಒಪ್ಪಲಿಲ್ಲ.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ವೀರಯ್ಯ ಮಾರೆಪ್ಪನ ಅಂಗಳದ ಅಂಚಿಗೆ ಬಂದ. ಹೆಣದ ಕಡೆ ನೋಡದೆ ಮಾರೆಪ್ಪನ ಹೆಂಡತಿಯನ್ನು ಕರೆದ.

"ಶೇಖಮ್ಮ, ಬೀಗರ ಜೀಪು ಜೂರಾಲಾ ಡ್ಯಾಮು ದಾಟೈತಿ. ಒಂದೀಟು ಬಂದು ತಗದು ಹೋಗು. ನಿಮಗೂ ಹೆಣ ಎತ್ತಾಕ ಸಲೀಸು."

"ಹೋಗಬ್ಯಾಡ ಅವ್ವ," ಎಂದಳು ರಜಿತಾ. "ಬೀಗರು ಅದನ್ನೇ ತುಳಕೊಂಡು ಒಳಗ ಹೋಗ್ಲಿ."

ಶೇಖಮ್ಮ ಗಂಡನ ಪಾದ ನೋಡಿದಳು. ತೊಳೆದ ಪಾದಕ್ಕೆ ಮೋರಿಯ ನೀರು ಮುಟ್ಟಿತ್ತು. "ಸತ್ತ ಮ್ಯಾಲೂ ಇದರಾಗ ಕೂಡಸಲೇನು ಅವನ್ನ?" ಎಂದಳು. ಕೈಯ ಬಳೆ ಇನ್ನೂ ಒಡೆದಿರಲಿಲ್ಲ. ಅವನ್ನು ಮೊಣಕೈಗೆ ಏರಿಸಿಕೊಂಡು, ಮೂಲೆಯಲ್ಲಿದ್ದ ಬಿದಿರಿನ ಸೀಳು ತೆಗೆದುಕೊಂಡು ಹೋದಳು.

ಬಂಡೆಯ ಮುಂದೆ ಬೋರಲು ಬಿದ್ದು ಹೆಗಲ ತನಕ ಕೈ ಇಳಿಸಿದಳು. ಕೆನ್ನೆ ಕಲ್ಲಿಗೆ ಒತ್ತಿತ್ತು. ಬಹಳ ಹೊತ್ತು ಹಿಡಿಯಿತು. ಗೋಣಿ ಬಂತು, ಅದರ ಹಿಂದೆಯೇ ನೀರು ನುಗ್ಗಿತು. ಹೆಣದ ನೀರು ವೀರಯ್ಯನ ಹೊಸ್ತಿಲ ಮುಂದೆಯೇ ಹಾಯ್ದುಹೋಯಿತು. ಅವನಿಗೆ ಅದರ ನೆನಪೂ ಇರಲಿಲ್ಲ. ಪಾಯಖಾನೆ ಇಳಿಯಿತೇ ಎಂದು ಒಳಗೆ ಕೇಳುತ್ತಿದ್ದ. ಇಳಿದಿತ್ತು.

ಖುಷಿಯಾಗಿ ವೀರಯ್ಯ ಬೀಗರಿಗೆಂದು ಇಟ್ಟಿದ್ದ ತಟ್ಟೆಯಿಂದ ಒಂದು ಲಾಡು ಎತ್ತಿದ. ಶೇಖಮ್ಮ ಎದ್ದು ಕೂತು ತನ್ನ ಕೈ ನೋಡಿಕೊಂಡಳು.

"ಕೈ ಹೊಲಸೈತಿ. ಬಾಯಿ ತಗಿ."

ಮಣ್ಣು ಕೊಡುವ ತನಕ ಅವಳು ಹನಿ ನೀರೂ ಕುಡಿಯುವಂತಿರಲಿಲ್ಲ. ನಿನ್ನೆಯಿಂದ ಕುಡಿದಿರಲೂ ಇಲ್ಲ. ಅಂಗಳದಿಂದ ರಜಿತಾ ನೋಡುತ್ತಲೇ ಇದ್ದಳು. ಶೇಖಮ್ಮ ಬಾಯಿ ತೆರೆದಳು.

ಅಗಿಯುತ್ತಲೇ ಅಂಗಳಕ್ಕೆ ಬಂದಳು. ನೀರು ಪೂರ್ತಿ ಇಳಿದಿತ್ತು.

"ನಡೀರಿ, ಎತ್ತೂಣು," ಎಂದ ಆಶಪ್ಪ.

"ತಡಿ ದೊಡ್ಡಪ್ಪ."

ರಜಿತಾ ಅವ್ವನ ಕಡೆ ನೋಡದೆ ಅಪ್ಪನ ಮುಂದೆ ಕೂತಳು. ಅವನ ಬಾಯಿ ಮುಚ್ಚಿಯೇ ಇತ್ತು. ಆದರೂ ಗಂಟು ಬಿಚ್ಚಿದಳು. ಅವನ ಎದೆಗೆ ಮೊಣಕಾಲು ಕೊಟ್ಟು, ಹಲ್ಲಿಗೆ ಹಲ್ಲು ಕಟ್ಟೆನ್ನುವ ತನಕ ಬಟ್ಟೆ ಎಳೆದಳು. ಆಮೇಲೆ ಒಂದರ ಮೇಲೊಂದು ಮೂರು ಗಂಟು ಹಾಕಿದಳು.