ಮುಚ್ಚದ ರೆಪ್ಪೆ

ಕನ್ನಡಕದಂಗಡಿಯಲ್ಲಿ ಗಿರಾಕಿಗಳ ಮುಖಕ್ಕೆ ಫ್ರೇಮು ಕೂರಿಸುವುದು ಅಕ್ಕನ ಕೆಲಸ. ದಿನವಿಡೀ ಜನ ಅವಳನ್ನು ಗೇಣು ದೂರದಿಂದ ನೋಡುತ್ತಿದ್ದರು. ಜೋತುಬಿದ್ದ ರೆಪ್ಪೆ ಕಂಡು "ನಿದ್ದೆ ಇಲ್ವಾ?" ಎನ್ನುವವರ ಕಾಟ ತಾಳದೆ, ತಂಗಿ ಹೇಳಿದ ಸೌಂದರ್ಯ ಚಿಕಿತ್ಸಾಲಯದಲ್ಲಿ ರೆಪ್ಪೆ ಬಿಗಿ ಮಾಡಿಸಿಕೊಂಡಳು. ಎಡಗಣ್ಣು ಚೆನ್ನಾಯಿತು. ಬಲಗಡೆ ಮಾತ್ರ ಅಗತ್ಯಕ್ಕಿಂತ ಹೆಚ್ಚು ಚರ್ಮ ಕತ್ತರಿಸಿಬಿಟ್ಟಿದ್ದರು. ಆ ಕಣ್ಣು ಮುಚ್ಚುತ್ತಲೇ ಇರಲಿಲ್ಲ.

ನಿದ್ದೆಯಲ್ಲೂ ಬಿಳಿಗುಡ್ಡೆ ಇಣುಕುತ್ತಿತ್ತು. ಗಂಡ ಒಮ್ಮೆ ಬೆಚ್ಚಿಬಿದ್ದು, "ಎಚ್ಚರ ಇದ್ದೀಯೇನೇ?" ಎಂದು ಅಲುಗಿಸಿದ್ದ. ಮುಲಾಮು ಸವರಿ, ರೆಪ್ಪೆ ಎಳೆದು ಅಂಟುಪಟ್ಟಿ ಹಾಕಿ ಮಲಗಿದರೂ ಬೆಳಿಗ್ಗೆ ಮರಳು ತುಂಬಿದಂಥ ಉರಿ. ಅಂಗಡಿಯಲ್ಲಿ ಈಗ ಹೊಸ ಪ್ರಶ್ನೆ: "ಯಾಕಮ್ಮಾ, ಏನಾದ್ರೂ ಕಂಡು ಹೆದರಿದ್ರಾ?"

"ನಾನೇ ನಿನ್ನ ಬಾವಿಗೆ ತಳ್ಳಿದ ಹಾಗಾಯ್ತು," ಎಂದಳು ತಂಗಿ.

"ಸುಮ್ನಿರೇ. ಕಣ್ಮುಚ್ಚಿ ನಂಬಿದ್ದು ನಾನು. ಈಗ ಮುಚ್ಚೋಕೂ ಆಗಲ್ಲ, ಅಷ್ಟೇ."

ಇಬ್ಬರೂ ನಕ್ಕರು. ಬಲಗಣ್ಣು ಮಾತ್ರ ನಗದೆ ದುರುಗುಟ್ಟಿತು.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಹುಬ್ಬು ಒತ್ತಿ ಹಿಡಿದು ಪರೀಕ್ಷಿಸಿದರು. "ಕಿವಿ ಹಿಂದಿನ ಚರ್ಮ ತೆಗೆದು ಇಲ್ಲಿಗೆ ಸೇರಿಸ್ಬೇಕು. ಮೊದಲಿನ ಕಣ್ಣು ಕೊಡ್ತೀನಿ ಅನ್ನಲ್ಲ. ಮುಚ್ಚೋ ಕಣ್ಣು ಕೊಡೋಕೆ ನೋಡ್ತೀನಿ."

ಆ 'ನೋಡ್ತೀನಿ'ಯನ್ನೇ ಅಕ್ಕ ಮನೆಯ ದಾರಿಯುದ್ದಕ್ಕೂ ಮೆಲುಕು ಹಾಕಿದಳು. ಮೊದಲು ರೆಪ್ಪೆ ಬಿಗಿ ಮಾಡಿದವನು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗೀತು ಅಂದಿದ್ದ. ಬಿಸಿ ಹಾಲು ಕುಡಿದ ಬೆಕ್ಕಿಗೆ ಮಜ್ಜಿಗೆಯೂ ಭಯವೇ.

ಆಪರೇಷನ್ನಿನ ದಿನ ಹಸಿರು ಗೌನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. "ಇರೋದಾದ್ರೂ ಇದೆ. ಇದೂ ಹೋದ್ರೆ?"

"ವಾಪಸ್ ಹೋಗೋಣ ಅಂದ್ರೂ ಸೈ," ಎಂದಳು ತಂಗಿ. "ಈ ಸಲ ನಾನು ಹೂಂ ಅನ್ನಲ್ಲ, ಉಹೂಂ ಅನ್ನಲ್ಲ."

ಅಕ್ಕನಿಗೆ ಸಿಟ್ಟೇ ಬಂತು. ಕೆಟ್ಟರೆ ಬೈಯುವುದಕ್ಕೂ ಈ ಸಲ ಯಾರೂ ಸಿಗುವಂತಿರಲಿಲ್ಲ. ಬಲಗಣ್ಣಿನಿಂದ ಸುಮ್ಮಸುಮ್ಮನೆ ನೀರು ಹರಿಯುತ್ತಿತ್ತು. ಒರೆಸಿಕೊಂಡು ಗೌನು ತೊಟ್ಟಳು.

ಜಾಗ ಮರಗಟ್ಟಿಸಿದ್ದರಿಂದ ನೋವಾಗಲಿಲ್ಲ. ಆದರೆ ಕತ್ತರಿಯ ಸದ್ದು ಕೇಳಿಸುತ್ತಿತ್ತು.

ಆಮೇಲೆ ವಾರವಿಡೀ ಕಣ್ಣಿಗೆ ಕಟ್ಟು. ಹಾಕಿದ ಚರ್ಮ ಒಳಗೇ ಕೊಳೆತರೆ? ಗಳಿಗೆಗೊಮ್ಮೆ ಗಂಡನ ಮುಂದೆ ಮುಖ ಚಾಚುತ್ತಿದ್ದಳು: "ವಾಸನೆ ಬರ್ತಿದೆಯಾ ನೋಡಿ."

ಆತ ಪಾಪ, ಪ್ರತಿ ಸಲವೂ ಗಂಭೀರವಾಗಿ ಮೂಸಿ ಹೇಳುತ್ತಿದ್ದ: "ಔಷಧಿ ವಾಸನೆ ಬಿಟ್ರೆ ಏನೂ ಇಲ್ಲ ಕಣೇ."

ಕಟ್ಟು ಬಿಚ್ಚಿ ಕನ್ನಡಿ ಕೊಟ್ಟರು. ತೇಪೆ ನೇರಳೆ ಬಣ್ಣಕ್ಕೆ ತಿರುಗಿತ್ತು. "ಸತ್ತೋಯ್ತಾ ಡಾಕ್ಟ್ರೇ?"

ಡಾಕ್ಟರಮ್ಮ ಹತ್ತಿಯ ತುದಿಯಿಂದ ಮೆಲ್ಲನೆ ಒತ್ತಿದರು. ಬಣ್ಣ ಮಾಸಿ ಮತ್ತೆ ಮೂಡಿತು. "ರಕ್ತ ಓಡ್ತಿದೆ. ಹಿಡ್ಕೊಂಡಿದೆ. ಬಣ್ಣ ಮಾತ್ರ ಪೂರ್ತಿ ಹೊಂದಲ್ಲ. ಎಲ್ಲಿ, ಮುಚ್ಚಿ."

ಅಕ್ಕ ಹೆದರಿ ಹೆದರಿ ರೆಪ್ಪೆ ಇಳಿಸಿದಳು. ಕತ್ತಲಾಯಿತು. ಅದರ ಅಂಚಿನಲ್ಲಿ ಬೆಳಕಿನ ಎಳೆಯೊಂದು ಉಳಿದಿದೆಯೋ, ಅದು ಬರೀ ತನ್ನ ಭಯವೋ ತಿಳಿಯಲಿಲ್ಲ.

"ಮುಚ್ತಾ ಹೇಳೇ?" ಎಂದು ಕೈಚಾಚಿದಳು. ತಂಗಿ ಆ ಕೈ ಹಿಡಿದು ಬಗ್ಗಿ ನೋಡಿದಳು. "ಬಾಯಿ ಬಿಡೇ!"

"ಮುಚ್ತು ಕಣೇ," ಎಂದಳು ತಂಗಿ, ಮೂಗೆಳೆದುಕೊಳ್ಳುತ್ತಾ.

"ಕೂದಲೆಳೆಯಷ್ಟು ಸಂದಿದೆ. ಊತ ಇಳಿದ ಮೇಲೆ ನೋಡೋಣ," ಎಂದರು ಡಾಕ್ಟರಮ್ಮ. "ಇನ್ನು ಕಣ್ಣು ಬಿಡಿ."

"ಒಂಚೂರು ಇರಿ ಡಾಕ್ಟ್ರೇ," ಎಂದಳು ಅಕ್ಕ, ರೆಪ್ಪೆ ಎತ್ತದೆಯೇ.